ಗುತ್ತಲ ಸೀಮೆಯ ರೋಗಿಗಳೂ ದವಾಖಾನೆಯ ದಾರಿಯೂ

ಮಠವೆಂದರೆ ಪೂಜೆ, ಪಾಠ, ಪ್ರಸಾದ ಈ ಮೂರರ ಸ್ಥಾನವೆಂಬದು ಭಕ್ತಜನರೆಲ್ಲರೂ ಬಲ್ಲ ಮಾತು. ಈ ಮೂರರ ಜೊತೆಗೆ ನಾಲ್ಕನೆಯದೊಂದು ಕೆಲಸವೂ ಕನ್ನಡ ನಾಡಿನ ಮಠಗಳಲ್ಲಿ ಒಂದು ಕಾಲಕ್ಕೆ ನಡೆಯುತ್ತಿದ್ದಿತೆಂಬದನ್ನು ಮಾತ್ರ ಅನೇಕರು ಮರೆತಿರುವರು. ಅದು ದಿಕ್ಕಿಲ್ಲದ ರೋಗಿಯನ್ನು ಒಳಗೆ ಕರೆದುಕೊಂಡು ಮದ್ದು ಕೊಟ್ಟು ನೋಡಿಕೊಳ್ಳುವ ಕೆಲಸ. ಈಗ ದವಾಖಾನೆಯೆಂಬ ಹೆಸರಿನಿಂದ ಸರಕಾರದವರೂ ಸಂಸ್ಥೆಗಳವರೂ ನಡೆಯಿಸುತ್ತಿರುವ ಈ ಕಾರ್ಯವು ಗುತ್ತಲ ಸೀಮೆಯ ಜನರಿಗೆ ಹೇಗೆ ದೂರವಾಗಿತ್ತು, ಯಾವ ಯಾವ ದಾರಿಯಿಂದ ಹತ್ತಿರ ಬಂದಿತು ಎಂಬದರ ಇತಿವೃತ್ತವು ಸ್ಮರಣ ಸಂಪುಟದಲ್ಲಿ ದಾಖಲಾಗಿರತಕ್ಕದ್ದು.

ಗುತ್ತಲವು ಹಾವೇರಿಯಿಂದ ಮೂಡಲಕ್ಕೆ ಸುಮಾರು ಐದು ಹರದಾರಿಯ ಮೇಲಿರುವ ಹಳೆಯ ಊರು. ಶಾಸನಗಳಲ್ಲಿ ಇದರ ಹೆಸರು ಗುತ್ತವೊಳಲು. ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಇಲ್ಲಿಂದ ಆಳಿದ ಗುತ್ತರಸರು ತಮ್ಮನ್ನು ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಹೇಳಿಕೊಂಡಿರುವರು. ಮೊದಲು ಕಲ್ಯಾಣದ ಚಾಲುಕ್ಯರಿಗೂ ತರುವಾಯ ದೇವಗಿರಿಯ ಸೇವುಣರಿಗೂ ಅಡಿಯಾಳುಗಳಾಗಿದ್ದ ಈ ಚಿಕ್ಕ ಮನೆತನದವರ ಕೀರ್ತಿಯು ಇಂದಿಗೂ ಉಳಿದಿರುವದು ತುಂಗಭದ್ರೆಯ ದಡದ ಚೌಡದಾನಪುರದ ಮುಕ್ತೇಶ್ವರ ದೇವಾಲಯದಲ್ಲಿ. ೧೨೨೫ರಲ್ಲಿ ಶಿವದೇವರೆಂಬ ವಿರಕ್ತರು ಆ ಮುಕ್ತಿಕ್ಷೇತ್ರಕ್ಕೆ ಬಂದು ನೆಲೆಸಿದ ಸಂಗತಿಯನ್ನು ಅಲ್ಲಿಯ ಶಾಸನಗಳು ಆದರದಿಂದ ಹೇಳುತ್ತವೆ. ಅಂಬಿಗರ ಚೌಡಯ್ಯನ ಸಮಾಧಿಯೂ ಅದೇ ನದೀತೀರದಲ್ಲಿರುವದು. ಹೀಗೆ ಶರಣರ ಪಾದಧೂಳಿಯಿಂದ ಪಾವನವಾದ ಈ ನೆಲದಲ್ಲಿ ಎರಿಯ ಭೂಮಿಯುಂಟು. ಜೋಳ, ಹತ್ತಿ, ಮೆಣಸಿನಕಾಯಿಗಳ ಬೆಳೆಯುಂಟು. ಮಳೆ ತಪ್ಪಿದ ವರ್ಷ ಹಸಿವೂ ಉಂಟು. ಮಳೆಗಾಲದಲ್ಲಿ ಎರಿಯ ಹಾದಿಯಲ್ಲಿ ಬಂಡಿಯ ಗಾಲಿ ಗುಂಬದ ಮಟ ಹೂಳುವ ಈ ಸೀಮೆಯಲ್ಲಿ ಐದು ಹರದಾರಿಯೆಂಬದು ರೋಗಿಗೆ ಎಷ್ಟು ದೂರವೆಂಬದನ್ನು ಹಳ್ಳಿಯ ಹಿರಿಯರನ್ನು ಕೇಳಿ ತಿಳಿಯಬೇಕು.

ಮಠದಲ್ಲಿ ವೈದ್ಯವು ನಡೆಯುತ್ತಿದ್ದಿತೆಂಬದಕ್ಕೆ ಸಾಕ್ಷಿಯು ಈ ಸೀಮೆಯಿಂದ ಬಹಳ ದೂರದಲ್ಲಿಲ್ಲ. ಹಿರೇಕೆರೂರು ತಾಲೂಕನ್ನು ದಾಟಿದರೆ ಸಿಗುವ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯಲ್ಲಿ ಕೋಡಿಯಮಠವೆಂಬ ಹೆಸರುಳ್ಳ ಕಾಳಾಮುಖರ ಮಠವೊಂದಿತ್ತು. ಆ ಮಠಕ್ಕೆ ೧೧೬೨ರಲ್ಲಿ ದೊರೆತ ದತ್ತಿಯ ಶಾಸನವನ್ನು ಬಿ. ಎಲ್. ರೈಸ್ ಸಾಹೇಬರು ತಮ್ಮ ಶಾಸನ ಸಂಪುಟಗಳಲ್ಲಿ ಪ್ರಕಟಿಸಿರುವರು. ಆಗ ಆಳುತ್ತಿದ್ದವನು ಕಳಚುರಿ ಬಿಜ್ಜಳ. ಬಸವಣ್ಣನವರು ಭಂಡಾರಿಗಳಾಗಿದ್ದುದು ಇದೇ ಬಿಜ್ಜಳನಲ್ಲಿ. ಮಠದ ಆಚಾರ್ಯರು ವಾಮಶಕ್ತಿ ಪಂಡಿತರು. ಶಾಸನವು ಆ ಮಠದಲ್ಲಿ ಏನೇನು ನಡೆಯುತ್ತಿದ್ದಿತೆಂಬದನ್ನು ಒಂದೊಂದಾಗಿ ಎಣಿಸುತ್ತದೆ. ನಾಲ್ಕು ವೇದಗಳ ವ್ಯಾಖ್ಯಾನ, ಕೌಮಾರ ಪಾಣಿನೀಯಾದಿ ವ್ಯಾಕರಣಗಳು, ಷಡ್ದರ್ಶನಗಳು, ಲಾಕುಳ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣಗಳು, ಕಾವ್ಯ ನಾಟಕಗಳು ಇವೆಲ್ಲವುಗಳ ಪಾಠವನ್ನು ಹೇಳಿದ ಬಳಿಕ ಅದು ಅನ್ನದ ಮಾತಿಗೆ ಬರುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆ ಅನ್ನ. ಕಥೆ ಹೇಳುವವರಿಗೆ, ಹಾಡುವವರಿಗೆ, ಬಾರಿಸುವವರಿಗೆ, ಕುಣಿಯುವವರಿಗೆ ಅನ್ನ. ಹಲವು ಪಂಥಗಳ ಭಿಕ್ಷುಕರಿಗೆ ಅನ್ನ. ಅದರ ಕೂಡಲೇ, ಅನಾಥರಾದ ರೋಗಿಗಳ ನಾನಾ ಬೇನೆಗಳಿಗೆ ಚಿಕಿತ್ಸೆ ನಡೆಯುವ ಸ್ಥಾನವಿದೆಂದೂ ಸಕಲ ಪ್ರಾಣಿಗಳಿಗೆ ಅಭಯವನ್ನೀಯುವ ಸ್ಥಾನವಿದೆಂದೂ ಶಾಸನವು ಸಾರುವದು.

ಇಲ್ಲಿ ಗಮನಿಸಬೇಕಾದದ್ದು ಆ ಎಣಿಕೆಯ ಕ್ರಮ. ಅನ್ನವಾದ ಮೇಲೆ ಔಷಧ, ಔಷಧದ ಮಗ್ಗುಲಲ್ಲಿಯೇ ಅಭಯ. ಜೈನರಲ್ಲಿಯೂ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳು ಒಂದೇ ಉಸಿರಿನ ಮಾತುಗಳಾಗಿ ಕನ್ನಡ ಶಾಸನಗಳಲ್ಲಿ ಬರುತ್ತವೆ. ಹೊಟ್ಟೆಗಿಲ್ಲದವನಿಗೆ ಕಷಾಯವೊಂದನ್ನೇ ಕೊಟ್ಟರೆ ಫಲವಿಲ್ಲ. ಹೆದರಿದವನಿಗೆ ಕೊಟ್ಟ ಮದ್ದು ಹತ್ತುವದಿಲ್ಲ. ಆ ಕಾಲದ ಆಚಾರ್ಯರು ಇದನ್ನು ತಿಳಿದಿದ್ದರು. ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿ ಇದಕ್ಕೂ ಸುಮಾರು ತೊಂಬತ್ತು ವರ್ಷ ಮೊದಲು ವೀರರಾಜೇಂದ್ರ ಚೋಳನ ಕಾಲಕ್ಕೆ ದೇವಾಲಯಕ್ಕೆ ಹೊಂದಿ ಹದಿನೈದು ಹಾಸಿಗೆಗಳ ಆತುರಶಾಲೆಯಿದ್ದಿತು. ಒಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ, ಆರೈಕೆಗೆ ಹೆಂಗಸರು, ಒಬ್ಬ ಕ್ಷೌರಿಕ ಇವರಿಗೆ ಕೊಡುವ ಧಾನ್ಯದ ಲೆಕ್ಕವೂ ಅಲ್ಲಿಯ ಗೋಡೆಯ ಮೇಲೆ ಕೊರೆದಿರುವದು. ಆದುದರಿಂದ ದವಾಖಾನೆಯೆಂಬದು ಸಮುದ್ರದಾಚೆಯಿಂದಲೇ ಬಂದ ವಸ್ತುವೆಂದು ತಿಳಿಯುವದು ಸರಿಯಲ್ಲ.

ವೈದ್ಯಶಾಸ್ತ್ರವೂ ಕನ್ನಡಕ್ಕೆ ಹೊಸದಲ್ಲ. ಚಾಲುಕ್ಯ ರಾಜವಂಶದ ಕೀರ್ತಿವರ್ಮನು ಗೋವೈದ್ಯವನ್ನು ಬರೆದನು. ಜಗದ್ದಳ ಸೋಮನಾಥನು ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯಕ್ಕಾಗಿಯೇ ಖಗೇಂದ್ರಮಣಿದರ್ಪಣವೆಂಬ ದೊಡ್ಡ ಗ್ರಂಥವನ್ನು ರಚಿಸಿದನು. ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ರೋಗ, ನಾಡಿ, ಔಷಧ, ಪಥ್ಯ ಎಂಬ ತನ್ನ ಕಾಯಕದ ಮಾತುಗಳಲ್ಲಿಯೇ ಭವರೋಗದ ವಿಚಾರವನ್ನು ಅವನು ಹೇಳಿದನು.

ಇಷ್ಟಿದ್ದೂ ಕಾಲಾಂತರದಲ್ಲಿ ಕೋಡಿಯಮಠದಂಥ ಸ್ಥಾನಗಳು ಹಾಳಾದವು. ಬಳ್ಳಿಗಾವಿಯ ರಾಜಧಾನಿಯೇ ಹಳ್ಳಿಯಾಯಿತು. ಮಠಗಳಲ್ಲಿ ಅನ್ನದಾಸೋಹವು ಉಳಿಯಿತು, ಪಾಠವೂ ಅಲ್ಲಲ್ಲಿ ಉಳಿಯಿತು. ಚಿಕಿತ್ಸೆಯು ಮಾತ್ರ ವಿಭೂತಿ, ತೀರ್ಥ, ಒಂದೆರಡು ಬೇರು ನಾರುಗಳಿಗೆ ಇಳಿಯಿತು. ಹಳ್ಳಿಯ ನಾಟೀವೈದ್ಯರ ಮನೆತನಗಳು ತಮಗೆ ತಿಳಿದ ಮದ್ದನ್ನು ಗುಟ್ಟಾಗಿಟ್ಟುಕೊಂಡವು. ತಂದೆಯು ಹೇಳದೆ ಸತ್ತರೆ ಮದ್ದೂ ಅವನ ಕೂಡ ಮಣ್ಣಿಗೆ ಹೋಯಿತು. ಎಲುಬು ಕೂಡಿಸುವದರಲ್ಲಿ, ಹಾವಿನ ವಿಷ ಇಳಿಸುವದರಲ್ಲಿ ಕುಶಲರೆನಿಸಿಕೊಂಡವರು ಇರಲಿಲ್ಲವೆಂದಲ್ಲ. ಆದರೆ ಹೆರಿಗೆ ಕಟ್ಟಿದ ಹೆಂಗಸಿಗೆ, ಕಣ್ಣಿಗೆ ಪೊರೆ ಬಂದ ಮುದುಕನಿಗೆ, ಹೊಟ್ಟೆಯೊಳಗೆ ಗಡ್ಡೆ ಬೆಳೆದವನಿಗೆ ಅವರಲ್ಲಿ ಉಪಾಯವಿರಲಿಲ್ಲ. ಬಾಣಂತಿಯ ಕೋಣೆಯ ಸಂಗತಿಯನ್ನಂತೂ ಹೇಳಲಿಕ್ಕೆ ಸಂಕೋಚವಾಗುವದು. ಬಸವಾದಿ ಶರಣರು ಜನನ ಮರಣಾದಿ ಪಂಚಸೂತಕಗಳನ್ನು ಇಲ್ಲವೆಂದು ಸಾರಿದರು. ಆ ಶರಣರ ಹೆಸರು ಹೇಳುವ ಮನೆಗಳಲ್ಲಿಯೂ ಹಡೆದವಳನ್ನು ಗಾಳಿ ಬೆಳಕಿಲ್ಲದ ಮೂಲೆಯಲ್ಲಿ ಹೊಗೆಯೊಳಗೆ ಕೂಡ್ರಿಸುವದು ನಿಲ್ಲಲಿಲ್ಲ. ಸೂತಕವು ಶಾಸ್ತ್ರದಿಂದ ಹೋಗಿ ಕೋಣೆಯ ಮೂಲೆಯಲ್ಲಿ ಅಡಗಿಕೊಂಡಿತೆನ್ನಬೇಕು.

ನಾರುಹುಣ್ಣಿನದು ಇನ್ನೊಂದು ಕಥೆ. ಮೆಟ್ಟಲುಗಳಿಂದ ಇಳಿದು ಮೊಣಕಾಲಿನವರೆಗೆ ನೀರಲ್ಲಿ ನಿಂತು ಕೊಡ ತುಂಬುವ ಬಾವಿ ಹೊಂಡಗಳು ಧಾರವಾಡ ಜಿಲ್ಹೆಯ ಎರಿಸೀಮೆಯಲ್ಲಿ ಹೆಚ್ಚು. ಒಬ್ಬನ ಕಾಲಿನ ಹುಣ್ಣಿನಿಂದ ಹುಳದ ಮರಿಗಳು ನೀರಿಗೆ ಬಿದ್ದು, ಕಣ್ಣಿಗೆ ಕಾಣಲಾರದ ನೀರುಚಿಗಟಗಳ ಹೊಟ್ಟೆ ಸೇರಿ, ಆ ನೀರನ್ನು ಕುಡಿದವನ ಮೈಯಲ್ಲಿ ಸುಮಾರು ಒಂದು ವರ್ಷ ಬೆಳೆದು, ಕಾಲಿನಿಂದ ಎರಡು ಮೂರಡಿ ಉದ್ದದ ದಾರದಂತೆ ಹೊರಬೀಳುವ ಬೇನೆಯಿದು. ಹೊರಬಂದ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಅಂಗುಲದಂತೆ ಎಳೆಯುವದೇ ಆಗಿನ ಚಿಕಿತ್ಸೆ. ನಡುವೆ ಹರಿದರೆ ಕಾಲು ಬಾತು ಕೀವಾಗುವದು. ಬಿತ್ತನೆಯ ಹೊತ್ತಿಗೇ ಒಕ್ಕಲಿಗನು ಹೀಗೆ ತಿಂಗಳುಗಟ್ಟಲೆ ಮೂಲೆ ಹಿಡಿದರೆ ಆ ವರ್ಷದ ಪೈರಿನ ಗತಿಯೇನು? ಈ ಬೇನೆಗೆ ಮದ್ದು ಕೊನೆಯವರೆಗೂ ದೊರೆಯಲಿಲ್ಲ. ಮೆಟ್ಟಲಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾಡಿದ್ದರಿಂದಲೂ, ಕೊಳವೆ ಬಾವಿಗಳನ್ನು ತೋಡಿದ್ದರಿಂದಲೂ, ನೀರನ್ನು ಅರಿವೆಯಿಂದ ಸೋಸಿ ಕುಡಿಯಲು ಕಲಿಸಿದ್ದರಿಂದಲೂ ಅದು ಮಾಯವಾಯಿತು. ಭರತಖಂಡದಲ್ಲಿ ಕೊನೆಯ ರೋಗಿಯು ಕಂಡುಬಂದದ್ದು ೧೯೯೬ರಲ್ಲಿ. ೨೦೦೦ದಲ್ಲಿ ದೇಶವೇ ಈ ಬೇನೆಯಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಸೋಸಿದ ನೀರು ಕುಡಿಯಬೇಕೆಂಬದು ಶರಣರ ಮನೆಗಳಿಗೆ ಅಪರಿಚಿತ ಮಾತಲ್ಲ. ಆ ಆಚಾರವನ್ನು ಜನರು ಕಟ್ಟುನಿಟ್ಟಾಗಿ ಪಾಲಿಸಿದ್ದರೆ ಎಷ್ಟು ಕಾಲುಗಳು ಉಳಿಯುತ್ತಿದ್ದವೋ!

ಪೇಶವೆಯರ ಆಳಿಕೆಯು ೧೮೧೮ರಲ್ಲಿ ಮುಗಿದು ಈ ಸೀಮೆಯು ಇಂಗ್ಲಿಷರ ಕೈಸೇರಿತು. ಮುಂದೆ ಅದು ಮುಂಬಯಿ ಇಲಾಖೆಯ ಧಾರವಾಡ ಜಿಲ್ಹೆಯ ಭಾಗವಾಯಿತು. ಗುತ್ತಲವು ಆಗ ಕರಜಗಿ ತಾಲೂಕಿಗೆ ಸೇರಿತ್ತು. ಆ ಕಾಲದಲ್ಲಿ ಹಳ್ಳಿಗರಿಗೆ ಸರಕಾರದ ವೈದ್ಯವು ಮೊದಲು ಕಾಣಿಸಿದ್ದು ಮೈಲಿಬೇನೆಗೆ ತೋಳು ಗೀರುವವನ ರೂಪದಲ್ಲಿ. ಅದಕ್ಕೆ ಜನರು ‘ದೇವಿ ಹಾಕುವದು’ ಎಂದೇ ಹೆಸರಿಟ್ಟರು. ಬೇನೆಯನ್ನು ಅಮ್ಮನೆಂದು ಪೂಜಿಸುತ್ತಿದ್ದವರು ಬೇನೆಯನ್ನು ತಡೆಯುವ ಉಪಾಯಕ್ಕೂ ಅದೇ ದೇವಿಯ ಹೆಸರಿಟ್ಟು ಒಳಗು ಮಾಡಿಕೊಂಡರು. ಹಾಗಿದ್ದರೂ ಮಕ್ಕಳನ್ನು ಕಣಜದ ಹಿಂದೆ ಅಡಗಿಸಿಡುವ ತಾಯಂದಿರು ಬಹುಕಾಲ ಇದ್ದರು. ೧೮೭೬ರಿಂದ ೧೮೭೮ರವರೆಗಿನ ದೊಡ್ಡ ಬರದಲ್ಲಿ ಹಸಿವಿನ ಬೆನ್ನಿಗೆ ವಾಂತಿಭೇದಿಯೂ ಜ್ವರವೂ ಬಂದವು. ೧೮೭೨ರ ಖಾನೇಸುಮಾರಿಗೂ ೧೮೮೧ರದಕ್ಕೂ ನಡುವೆ ಧಾರವಾಡ ಜಿಲ್ಹೆಯ ಜನಸಂಖ್ಯೆಯು ನೂರಕ್ಕೆ ಸುಮಾರು ಹತ್ತರಷ್ಟು ಇಳಿಯಿತು.

ಬರದ ತರುವಾಯ ರೈಲು ಬಂದಿತು. ಸದರ್ನ್ ಮರಾಠಾ ರೈಲ್ವೆಯವರು ೧೮೮೦ರ ದಶಕದಲ್ಲಿ ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಮೇಲೆ ಹರಿಹರಕ್ಕೆ ದಾರಿಯನ್ನು ಹಾಕಿದರು. ಈ ಕಬ್ಬಿಣದ ದಾರಿಯು ಮುಂದೆ ರೋಗವನ್ನೂ ತಂದಿತು, ರೋಗಿಯನ್ನೂ ಒಯ್ದಿತು.

ತಂದ ರೋಗವು ಪ್ಲೇಗು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಮಹಾಮಾರಿಯು ೧೮೯೮ರ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಉಗ್ರವಾಗಿ ಹಬ್ಬಿತು. ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆಯು ಅಧಿಕಾರಿಗಳ ಕೈಗೆ ವಿಶೇಷ ಅಧಿಕಾರವನ್ನು ಕೊಟ್ಟಿತ್ತು. ಮನೆಗಳನ್ನು ಹೊಕ್ಕು ಹುಡುಕುವದು, ರೋಗಿಯನ್ನು ಪ್ಲೇಗಿನ ದವಾಖಾನೆಗೂ ಮನೆಯವರನ್ನು ಬೇರೊಂದು ಛಾವಣಿಗೂ ಸಾಗಿಸುವದು, ಮಾಳಿಗೆಯ ಹೆಂಚು ತೆಗೆದು ಬಿಸಿಲು ಬಿಡುವದು, ಅರಿವೆ ಅಂಚಡಿಗಳನ್ನು ಸುಡುವದು, ಹೆಣವನ್ನು ಪರೀಕ್ಷಿಸುವದು ಇವೆಲ್ಲ ಆ ಅಧಿಕಾರದ ಬಲದಿಂದ ನಡೆದವು. ಪುಣೆಯಲ್ಲಿ ಇದೇ ಕಾರಣದಿಂದ ಜನರ ಮನಸ್ಸು ಕೆರಳಿ ೧೮೯೭ರ ಜೂನಿನಲ್ಲಿ ಪ್ಲೇಗಿನ ಅಧಿಕಾರಿಯಾದ ರ್‍ಯಾಂಡ್ ಸಾಹೇಬನ ಕೊಲೆಯಾಯಿತು.

ಲಿಂಗಾಯತ ಮನೆತನಗಳಿಗೆ ಈ ಕ್ರಮಗಳು ಏಕೆ ಅಸಹ್ಯವಾದವೆಂಬದನ್ನು ಇಂದಿನವರು ತಿಳಿದುಕೊಳ್ಳಬೇಕು. ಸಾಯುವವನ ಮಗ್ಗುಲಲ್ಲಿ ಜಂಗಮರನ್ನು ಕೂಡ್ರಿಸಿ, ಪಾದಪೂಜೆ ಮಾಡಿ, ಬಂಧು ಬಳಗಕ್ಕೆ ವಿಭೂತಿವೀಳ್ಯವನ್ನು ಕೊಟ್ಟು, ಲಿಂಗದಲ್ಲಿ ಮನಸ್ಸನ್ನು ನಿಲ್ಲಿಸಿ ಪ್ರಾಣ ಬಿಡುವದು ಅವರಿಗೆ ಬಾಳಿನ ಕಟ್ಟಕಡೆಯ ಸೌಭಾಗ್ಯ. ಆಮೇಲೆ ಕುಳ್ಳಿರಿಸಿದ ಭಂಗಿಯಲ್ಲಿ, ಕೈಯಲ್ಲಿ ಲಿಂಗವಿರಿಸಿ, ಸಮಾಧಿ. ಪ್ಲೇಗಿನ ಛಾವಣಿಯಲ್ಲಿ ಅಪರಿಚಿತರ ನಡುವೆ, ನೀರು ಬಿಡುವವರಿಲ್ಲದೆ, ವಿಭೂತಿ ಹಚ್ಚುವವರಿಲ್ಲದೆ ಸಾಯುವದೆಂದರೆ ಅವರಿಗೆ ಪ್ಲೇಗಿಗಿಂತ ಹೆಚ್ಚಿನ ಭಯ. ರೋಗಿಯನ್ನು ಹಗೇವಿನಲ್ಲಿ, ಬಣವಿಯ ಮರೆಯಲ್ಲಿ ಬಚ್ಚಿಟ್ಟದ್ದು ಅಜ್ಞಾನದಿಂದ ಮಾತ್ರವಲ್ಲ. ಅಧಿಕಾರಿಗಳು ಔಷಧವನ್ನು ತಂದಿದ್ದರು, ಅಭಯವನ್ನು ತಂದಿರಲಿಲ್ಲ. ಬಚ್ಚಿಟ್ಟದ್ದರಿಂದ ಬೇನೆಯು ಮನೆಮಂದಿಗೆಲ್ಲ ತಗಲಿತೆಂಬದೂ ನಿಜವೇ.

ಹುಬ್ಬಳ್ಳಿಯ ಹೆಸರು ಆಗ ದೇಶಾಂತರಗಳಲ್ಲಿ ಕೇಳಿಸಿದ್ದು ಬೇರೊಂದು ಕಾರಣದಿಂದ. ಹಾಫ್‌ಕಿನ್ ಎಂಬ ರಶಿಯನ್ ಯಹೂದಿ ವಿದ್ವಾಂಸನು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ ೧೮೯೭ರ ಜನೇವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದನು. ಮರುವರ್ಷ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ಸರ್ಜನರ ಮೇಲ್ವಿಚಾರಣೆಯಲ್ಲಿ ಕೆಲವೇ ತಿಂಗಳೊಳಗೆ ಊರಿನಲ್ಲಿ ಉಳಿದವರ ಬಹುಭಾಗಕ್ಕೆ ಲಸಿಕೆ ಹಾಕಲಾಯಿತು. ಒಂದೇ ಊರಿನಲ್ಲಿ ಹತ್ತಾರು ಸಾವಿರ ಜನರು ಹೀಗೆ ತೋಳು ಕೊಟ್ಟ ಸಂಗತಿಯು ಅದಕ್ಕೆ ಮೊದಲು ಕೇಳಿದ್ದಲ್ಲ. ಚುಚ್ಚಿಸಿಕೊಂಡವರಿಗೆ ಒಂದೆರಡು ದಿನ ಜ್ವರವೂ ತೋಳಿನ ಬಾವೂ ಬರುತ್ತಿದ್ದವು. ಅದನ್ನು ಸಹಿಸಿಯೂ ಜನರು ಏಕೆ ಬಂದರು? ಚುಚ್ಚಿಸಿಕೊಂಡವರಿಗೆ ಪ್ರಯಾಣದ ಮತ್ತು ಛಾವಣಿಯ ನಿರ್ಬಂಧಗಳಲ್ಲಿ ಸಡಿಲಿಕೆ ಕೊಡುವ ಪದ್ಧತಿಯು ಇಲಾಖೆಯಲ್ಲಿದ್ದದ್ದು ಒಂದು ಕಾರಣ. ಮನೆಯಲ್ಲಿಯೇ ಇರಬಹುದು, ತನ್ನವರ ನಡುವೆಯೇ ಇರಬಹುದು ಎಂದಾಗ ಜನರು ಸೂಜಿಗೆ ಹೆದರಲಿಲ್ಲ. ನೆರೆಯ ಮನೆಯವರು ಚುಚ್ಚಿಸಿಕೊಂಡು ಬದುಕಿದ್ದನ್ನು ಕಣ್ಣಾರೆ ಕಂಡದ್ದು ಇನ್ನೊಂದು ಕಾರಣವಾಗಿರಬೇಕು. ಹಳ್ಳಿಗಳಲ್ಲಾದರೋ ಇಲಿ ಬಿದ್ದ ಕೂಡಲೇ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇರುವದೇ ರೂಢಿಯಾಯಿತು. ಪ್ಲೇಗಿನ ವರ್ಷಗಳಿಂದ ತಮ್ಮ ವಯಸ್ಸನ್ನು ಎಣಿಸುವ ಮುದುಕರು ಈ ಸೀಮೆಯಲ್ಲಿ ಬಹುಕಾಲ ಇದ್ದರು. ೧೯೧೮ರ ಇನ್‌ಫ್ಲುಯೆಂಝಾ ಜ್ವರವು ಅದಕ್ಕಿಂತ ವೇಗವಾಗಿ ಬಂದು ಮನೆಮನೆಗಳನ್ನು ಬರಿದು ಮಾಡಿತು. ಆಗ ಊರು ಬಿಡುವದಕ್ಕೂ ಸಮಯವಿರಲಿಲ್ಲ.

ರೈಲು ರೋಗಿಯನ್ನು ಒಯ್ದದ್ದು ಮಿರಜಕ್ಕೆ. ಈ ಭಾಗದ ಹಳೆಯ ಮಂದಿಯ ಬಾಯಲ್ಲಿ ದೊಡ್ಡ ದವಾಖಾನೆಯೆಂದರೆ ಮಿರಜ. ಮಿರಜದ ಹೆಸರು ಇಲ್ಲಿಯವರಿಗೆ ಮೊದಲೇ ಪರಿಚಿತವಾಗಿತ್ತು. ಗುತ್ತಲದ ನೆರೆಯ ಲಕ್ಷ್ಮೇಶ್ವರವು ಆಗ ಮಿರಜದ ಪಟವರ್ಧನ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಕೆನಡಾ ದೇಶದಲ್ಲಿ ೧೮೬೫ರಲ್ಲಿ ಹುಟ್ಟಿದ ಡಾಕ್ಟರ ವಿಲಿಯಂ ವಾನ್ಲೆಸ್ ಎಂಬವರು ಅಮೇರಿಕೆಯ ಪ್ರೆಸ್ಬಿಟೇರಿಯನ್ ಮಿಶನ್ನಿನ ಪರವಾಗಿ ೧೮೮೯ರಲ್ಲಿ ಭರತಖಂಡಕ್ಕೆ ಬಂದು, ಮೊದಲು ಸಾಂಗಲಿಯಲ್ಲಿ ಸಣ್ಣ ಔಷಧಾಲಯವನ್ನಿಟ್ಟು, ತರುವಾಯ ಮಿರಜಕ್ಕೆ ಬಂದರು. ೧೮೯೪ರಲ್ಲಿ ಅಲ್ಲಿ ಅವರ ದವಾಖಾನೆಯು ತೆರೆಯಿತು. ಕಟ್ಟಡಕ್ಕೆ ಹಣ ಕೊಟ್ಟವನು ಫಿಲಡೆಲ್ಫಿಯಾ ಪಟ್ಟಣದ ಜಾನ್ ಕಾನ್ವರ್ಸ್ ಎಂಬ ಉದ್ಯಮಿ. ಅವನು ರೈಲಿನ ಎಂಜಿನುಗಳನ್ನು ಕಟ್ಟುವ ದೊಡ್ಡ ಕಾರಖಾನೆಯೊಂದರ ಪಾಲುಗಾರನಾಗಿದ್ದನೆಂಬದು ಸ್ವಾರಸ್ಯದ ಸಂಗತಿ. ಏಕೆಂದರೆ ಆ ದವಾಖಾನೆಯು ಬೆಳೆದದ್ದೇ ರೈಲಿನಿಂದ. ೧೮೯೭ರಲ್ಲಿ ವೈದ್ಯಶಾಲೆ, ೧೯೦೦ರಲ್ಲಿ ಕುಷ್ಠರೋಗಿಗಳ ಆಶ್ರಮ, ೧೯೨೦ರಲ್ಲಿ ಕ್ಷಯರೋಗಿಗಳ ಆರೋಗ್ಯಧಾಮ ಹೀಗೆ ಒಂದರ ಬೆನ್ನಿಗೊಂದು ಸಂಸ್ಥೆಯು ಅದರ ಸುತ್ತಲೂ ಹುಟ್ಟಿತು. ವಾನ್ಲೆಸ್ಸರು ೧೯೨೮ರಲ್ಲಿ ಸರ್ ಪದವಿಯನ್ನು ಪಡೆದು, ಅದೇ ವರ್ಷ ಕೆಲಸದಿಂದ ನಿವೃತ್ತರಾಗಿ, ೧೯೩೩ರಲ್ಲಿ ಅಮೇರಿಕೆಯಲ್ಲಿ ತೀರಿಕೊಂಡರು.

ಗುತ್ತಲದ ಕಡೆಯ ರೋಗಿಯು ಮಿರಜಕ್ಕೆ ಹೋಗಬೇಕಾದರೆ ರಾತ್ರಿಯೇ ಸವಾರಿಬಂಡಿ ಹೂಡಬೇಕು. ಬಂಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸಿ, ರೋಗಿಯನ್ನು ಮಲಗಿಸಿ ಹಾವೇರಿಯ ಸ್ಟೇಶನ್ನಿಗೆ. ಅಲ್ಲಿಂದ ಹುಬ್ಬಳ್ಳಿ, ಧಾರವಾಡ, ಲೋಂಡಾ, ಬೆಳಗಾವಿಗಳ ಮೇಲೆ ಮಿರಜ. ಜೊತೆಗೆ ರೊಟ್ಟ, ಶೇಂಗಾ ಹಿಂಡಿ, ಜೋಳದ ಹಿಟ್ಟು, ಒಂದು ಬೋಗುಣಿ. ಏಕೆಂದರೆ ಎಷ್ಟು ದಿನ ನಿಲ್ಲಬೇಕೋ ತಿಳಿಯದು. ಹೋಗುವ ಮುಂದೆ ಮನೆಯ ಹಿರಿಯರು ಮಠಕ್ಕೆ ಹೋಗಿ ಅಪ್ಪಣೆ ಕೇಳುವದು ಈ ಸೀಮೆಯ ರೂಢಿ. ಅಲ್ಲಿ ಕೇಳಬೇಕಾದ ಮಾತುಗಳು ಸಣ್ಣವಲ್ಲ. ಅನ್ಯರ ಕೈನೀರು ಕುಡಿಯಬಹುದೇ? ಔಷಧದಲ್ಲಿ ಏನು ಕೂಡಿರುವದೋ? ಶಸ್ತ್ರಕ್ರಿಯೆಯ ಕಾಲಕ್ಕೆ ಕೊರಳ ಲಿಂಗವನ್ನು ಏನು ಮಾಡುವದು? ಅಂಗದಿಂದ ಲಿಂಗವು ಅಗಲಬಾರದೆಂಬದು ಆಚಾರ. ಆದರೆ ಶಿರಸ್ಸು, ಕೊರಳು, ಎದೆ, ತೋಳು ಇವೆಲ್ಲವೂ ಲಿಂಗಧಾರಣೆಗೆ ಯೋಗ್ಯ ಸ್ಥಾನಗಳೆಂದು ಶಾಸ್ತ್ರವು ಒಪ್ಪಿರುವದು. ಕೊರಳಿಗೆ ತೊಡಕಾದರೆ ತೋಳಿಗೆ ಕಟ್ಟಿದರಾಯಿತು. ಇಷ್ಟು ಸರಳವಾದ ಮಾತು ಗುರುವಿನ ಬಾಯಿಂದ ಬರುವವರೆಗೆ ಭಕ್ತನ ಮನಸ್ಸಿಗೆ ಸಮಾಧಾನವಿಲ್ಲ. ಬಂದ ಮೇಲೆ ಅವನು ಕತ್ತಿಯ ಕೆಳಗೆ ನಿರ್ಭಯನಾಗಿ ಮಲಗಬಲ್ಲನು. ರೋಗಿಯ ಚೇತರಿಕೆಯಲ್ಲಿ ಈ ಒಂದು ಮಾತಿನ ಪಾಲೆಷ್ಟೆಂದು ಯಾವ ದವಾಖಾನೆಯ ದಫ್ತರದಲ್ಲಿಯೂ ಬರೆದಿಟ್ಟಿರಲಾರರು.

ಮಿಶನ್ನಿನವರಿಗೆ ಮತಪ್ರಚಾರದ ಉದ್ದೇಶವೂ ಇದ್ದಿತು. ಅದನ್ನು ಅವರೂ ಮುಚ್ಚಿಟ್ಟಿರಲಿಲ್ಲ. ಆ ಕಾರಣದಿಂದ ಹಿಂಜರಿದವರು ಹಲವರು. ಹೋದವರು ಕಣ್ಣು ಪಡೆದು ಬಂದರು, ಗಡ್ಡೆ ತೆಗೆಯಿಸಿಕೊಂಡು ಬಂದರು, ಕೊರಳ ಲಿಂಗದೊಡನೆಯೇ ಬಂದರು. ಪೊರೆ ತೆಗೆಯಿಸಿಕೊಂಡು ದಪ್ಪ ಕನ್ನಡಕ ಹಾಕಿಕೊಂಡು ಬಂದ ಮುದುಕನು ಊರ ಕಟ್ಟೆಯ ಮೇಲೆ ಕೂತು ಹಾದುಹೋಗುವವರ ಹೆಸರು ಹಿಡಿದು ಕರೆದರೆ ಅದಕ್ಕಿಂತ ದೊಡ್ಡ ಪ್ರಚಾರ ದವಾಖಾನೆಗೆ ಬೇಕಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಬಾಸೆಲ್ ಮಿಶನ್ನಿನವರು ಗದಗ ಬೆಟಗೇರಿಯಲ್ಲಿ ದವಾಖಾನೆಯನ್ನು ತೆರೆದದ್ದರಿಂದ ಕೆಲವರಿಗೆ ದಾರಿಯು ಹತ್ತಿರವಾಯಿತು. ಬಾಸೆಲ್ ಪಟ್ಟಣವು ಸ್ವಿಟ್ಝರ್ಲಂಡದಲ್ಲಿದ್ದರೂ ಜನರು ಅದನ್ನು ಜರ್ಮನ್ ದವಾಖಾನೆಯೆಂದೇ ಕರೆದರು. ಇಂದಿಗೂ ಹಾಗೆ ಕರೆಯುವವರುಂಟು.

ಪರದೇಶದವರು ಬಂದು ಮಾಡಿದ ಕೆಲಸವನ್ನು ಸ್ವಜನರು ಏಕೆ ಮಾಡಬಾರದೆಂಬ ಪ್ರಶ್ನೆಯು ಆಗಲೇ ಸಮಾಜದ ಹಿರಿಯರನ್ನು ಕಾಡಿದ್ದಿತು. ರಾಣೇಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ ೧೮೬೭ರಲ್ಲಿ ಜನಿಸಿದ ಹಾನಗಲ್ಲ ಕುಮಾರ ಸ್ವಾಮಿಗಳವರು ೧೯೦೪ರಲ್ಲಿ ವೀರಶೈವ ಮಹಾಸಭೆಯನ್ನೂ ೧೯೦೯ರಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದರು. ಆ ಮಹಾಸಭೆಯ ಮೊದಲನೆಯ ಅಧಿವೇಶನದ ಅಧ್ಯಕ್ಷರಾಗಿದ್ದ ಶಿರಸಂಗಿಯ ಲಿಂಗರಾಜ ದೇಸಾಯರು ೧೯೦೬ರಲ್ಲಿ ಲಿಂಗೈಕ್ಯರಾಗುವ ಮುಂದೆ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗಾಗಿ ಬರೆದಿಟ್ಟರು. ಅರಟಾಳ ರುದ್ರಗೌಡರೇ ಮೊದಲಾದವರ ಬೆಂಬಲದಿಂದ ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯು ಹುಟ್ಟಿತು. ಇವರಾರೂ ಮೊದಲು ದವಾಖಾನೆ ಕಟ್ಟಲಿಲ್ಲ, ಶಾಲೆ ಕಟ್ಟಿದರು. ಅದು ಸರಿಯಾದ ಕ್ರಮವೇ ಆಗಿದ್ದಿತು. ಕಲಿತ ಹುಡುಗರಿಲ್ಲದೆ ಡಾಕ್ಟರರೆಲ್ಲಿಂದ ಬರಬೇಕು? ಅದೇ ಸೊಸಾಯಿಟಿಯು ೧೯೬೩ರಲ್ಲಿ ಬೆಳಗಾವಿಯಲ್ಲಿ ಮೆಡಿಕಲ್ ಕಾಲೇಜನ್ನು ತೆರೆಯಿತು. ದಾವಣಗೆರೆಯಲ್ಲಿ ೧೯೬೫ರಲ್ಲಿ ತೆರೆದ ಮೆಡಿಕಲ್ ಕಾಲೇಜಿಗೆ ಚಿತ್ರದುರ್ಗದ ಬೃಹನ್ಮಠದ ಜಗದ್ಗುರು ಜಯದೇವ ಮುರುಘರಾಜೇಂದ್ರ ಮಹಾಸ್ವಾಮಿಗಳವರ ಹೆಸರಿಡಲಾಯಿತು; ಹೊಳೆಯಾಚೆಯ ಆ ಊರು ಗುತ್ತಲದ ರೋಗಿಗಳಿಗೆ ಹುಬ್ಬಳ್ಳಿಯಷ್ಟೇ ಬಳಕೆಯದು.

ಸರಕಾರದ ಕಡೆಯಿಂದ ಈ ಸೀಮೆಗೆ ದೊಡ್ಡ ಆಸರೆಯಾದದ್ದು ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜು. ೧೯೫೬ರಲ್ಲಿ ಕನ್ನಡ ನಾಡು ಒಂದಾಯಿತು. ಮರುವರ್ಷ, ೧೯೫೭ರಲ್ಲಿ, ಈ ಕಾಲೇಜು ಆರಂಭವಾಯಿತು. ಏಕೀಕರಣದಿಂದ ಏನು ಬಂದಿತೆಂದು ಕೇಳುವವರಿಗೆ ಇದೊಂದನ್ನು ತೋರಿಸಿದರೆ ಸಾಕು. ಧಾರವಾಡ, ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆಗಳ ಬಡರೋಗಿಗಳಿಗೆ ಕೊನೆಯ ಆಸರೆಯು ಅದೇ. ಡಾಕ್ಟರನು ಕನ್ನಡದಲ್ಲಿ ‘ಎಲ್ಲಿ ನೋಯಿತದ, ಅಜ್ಜಾ?’ ಎಂದು ಕೇಳುವಂತಾದುದು ಸಣ್ಣ ಬದಲಾವಣೆಯಲ್ಲ. ಆದರೆ ರೋಗಿಯ ಹಿಂದೆ ಬಂದ ಇಬ್ಬರು ಮೂವರು ಬಂಧುಗಳು ಎಲ್ಲಿ ಮಲಗಬೇಕು, ಏನು ಉಣ್ಣಬೇಕು ಎಂಬದು ಇಂಥ ದೊಡ್ಡ ದವಾಖಾನೆಗಳ ನಕಾಶೆಯಲ್ಲಿ ಬಹುಕಾಲ ಇರಲಿಲ್ಲ. ಗಿಡದ ಕೆಳಗೆ ಮೂರು ಕಲ್ಲಿಟ್ಟು ಒಲೆ ಹೂಡಿದ ಹಳ್ಳಿಯ ಹೆಂಗಸರನ್ನು ಕಾಣದ ದೊಡ್ಡ ದವಾಖಾನೆಯು ಈ ನಾಡಿನಲ್ಲಿ ವಿರಳ. ಕೋಡಿಯಮಠದಲ್ಲಿ ಒಂದೇ ಮಾಡಿನ ಕೆಳಗಿದ್ದ ಅನ್ನವೂ ಔಷಧವೂ ಇಲ್ಲಿ ಬೇರೆ ಬೇರೆಯಾದವು. ಊರಿನಿಂದ ಬುತ್ತಿ ಬಾರದ ದಿನ ರೋಗಿಯನ್ನು ಅರ್ಧಕ್ಕೇ ಎಬ್ಬಿಸಿಕೊಂಡು ಹೊರಟವರ ಲೆಕ್ಕವನ್ನು ಯಾರು ಇಟ್ಟಿರುವರು?

ಈ ಕೊರತೆಯನ್ನು ತನ್ನದೇ ರೀತಿಯಲ್ಲಿ ನೀಗಿಸಿದವರೊಬ್ಬರು ಬೀಳಗಿಯ ಡಾಕ್ಟರ ಮುರುಗೆಪ್ಪ ಚನ್ನವೀರಪ್ಪ ಮೋದಿಯವರು. ೧೯೧೬ರಲ್ಲಿ ಹುಟ್ಟಿದ ಈ ಕಣ್ಣಿನ ವೈದ್ಯರು ರೋಗಿಯು ದವಾಖಾನೆಗೆ ಬರಲೆಂದು ಕಾಯದೆ ದವಾಖಾನೆಯನ್ನೇ ಹೊತ್ತುಕೊಂಡು ಊರೂರು ತಿರುಗಿದರು. ಶಾಲೆಯೋ ಛತ್ರವೋ ಸಿಕ್ಕಲ್ಲಿ ಶಿಬಿರ. ಚಾಪೆಗಳ ಸಾಲಿನಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ ಮುದುಕ ಮುದುಕಿಯರು. ಅವರ ಊಟ ಉಪಚಾರವು ಊರ ದಾನಿಗಳದು. ಒಂದೇ ದಿನದಲ್ಲಿ ೮೩೩ ಪೊರೆಯ ಶಸ್ತ್ರಕ್ರಿಯೆಗಳನ್ನು ಮಾಡಿದ ಕೀರ್ತಿಯು ಅವರದು; ಜೀವಮಾನದಲ್ಲಿ ಅವರು ಮಾಡಿದ ಶಸ್ತ್ರಕ್ರಿಯೆಗಳು ಆರು ಲಕ್ಷಕ್ಕೆ ಮಿಕ್ಕಿದವು. ೧೯೬೮ರಲ್ಲಿ ಪದ್ಮಭೂಷಣ ಪದವಿಯು ಬಂದಿತು. ೨೦೦೫ರಲ್ಲಿ ಅವರು ತೀರಿಕೊಂಡರು. ಸ್ಥಾವರಕ್ಕಿಂತ ಜಂಗಮವು ಮಿಗಿಲೆಂದು ತಿಳಿದ ಸಮಾಜಕ್ಕೆ ಇವರ ಕೆಲಸದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ಅವಸರದ ಶಿಬಿರಗಳಲ್ಲಿ ಶಸ್ತ್ರಕ್ರಿಯೆಯ ತರುವಾಯದ ಆರೈಕೆಯು ಸಾಲದೆಂದು ಆಕ್ಷೇಪಿಸಿದ ವೈದ್ಯರೂ ಉಂಟು; ಶಿಬಿರದ ಪದ್ಧತಿಯು ಕ್ರಮೇಣ ಹಿಂದೆ ಬಿದ್ದು ರೋಗಿಗಳನ್ನು ಬಂಡಿಗಳಲ್ಲಿ ದವಾಖಾನೆಗೇ ಕರೆದೊಯ್ಯುವ ರೂಢಿಯು ಬಂದಿತು.

ಇತ್ತೀಚಿನ ಸಂಗತಿಗಳು ವಾಚಕರ ಕಣ್ಣ ಮುಂದಿನವೇ. ೧೯೯೭ರಲ್ಲಿ ಹಾವೇರಿಯು ಬೇರೆ ಜಿಲ್ಹೆಯಾಯಿತು. ಹಾವೇರಿಯ ದವಾಖಾನೆಯು ಜಿಲ್ಹೆಯ ದವಾಖಾನೆಯಾಯಿತು. ೨೦೦೨ರಲ್ಲಿ ಯಶಸ್ವಿನಿ ಯೋಜನೆಯು ಹೊರಟಿತು. ಸಹಕಾರಿ ಸಂಘದ ಸದಸ್ಯನಾದ ಒಕ್ಕಲಿಗನು ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ ೬೦ ರೂಪಾಯಿ ಕೊಟ್ಟರೆ ಆಗ ಅವನಿಗೆ ಶಸ್ತ್ರಕ್ರಿಯೆಯ ಖರ್ಚಿರಲಿಲ್ಲ. ಹೊಲ ಮಾರಿ ಹೃದಯದ ಚಿಕಿತ್ಸೆ ಮಾಡಿಸುವ ಸಂಕಟದಿಂದ ಅದು ಎಷ್ಟೋ ಮನೆಗಳನ್ನು ಉಳಿಸಿತು. ೨೦೧೮ರಲ್ಲಿ ನಿಂತಿದ್ದ ಆ ಯೋಜನೆಯನ್ನು ಕೆಲವು ವರ್ಷಗಳ ತರುವಾಯ ಮತ್ತೆ ಆರಂಭಿಸಿರುವರು. ೨೦೨೨-೨೩ನೆಯ ಸಾಲಿನಲ್ಲಿ ಹಾವೇರಿಗೂ ಸರಕಾರದ ಮೆಡಿಕಲ್ ಕಾಲೇಜು ಬಂದಿತು.

ಇವೆಲ್ಲವುಗಳಿಗಿಂತ ಹಳ್ಳಿಯ ಹೆಂಗಸರು ಹೆಚ್ಚು ನೆನೆಯುವದು ೨೦೦೮ರ ನವೆಂಬರದಲ್ಲಿ ರಾಜ್ಯದಲ್ಲಿ ಆರಂಭವಾದ ಆರೋಗ್ಯ ಕವಚದ ಬಂಡಿಯನ್ನು. ಅದನ್ನು ಕರೆಯುವ ಸಂಖ್ಯೆಯು ೧೦೮. ಅಷ್ಟೋತ್ತರವನ್ನು ದಿನವೂ ಎಣಿಸುವ ಭಕ್ತರಿಗೆ ಅದನ್ನು ನೆನಪಿಡಲು ಯಾರೂ ಕಲಿಸಬೇಕಾಗಲಿಲ್ಲ. ನಡುರಾತ್ರಿ ಹೆರಿಗೆಯ ಬೇನೆ ಎದ್ದವಳ ಮನೆಯ ಮುಂದೆ, ಒಂದು ಕಾಲಕ್ಕೆ ಹುಲ್ಲು ಹಾಸಿದ ಸವಾರಿಬಂಡಿ ನಿಲ್ಲುತ್ತಿದ್ದ ಜಾಗದಲ್ಲಿಯೇ ಈ ಬಂಡಿಯು ಬಂದು ನಿಲ್ಲುವದು. ಅತ್ತೆಯು ವಿಭೂತಿಯ ಗಟ್ಟಿಯನ್ನು ತಂದು ಸೊಸೆಯ ಹಣೆಗೆ ಹಚ್ಚುವಳು. ಕೊರಳ ಕರಡಿಗೆಯನ್ನು ಸರಿಮಾಡಿ, ಬುತ್ತಿಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು ತಾನೂ ಹತ್ತಿ ಕೂಡ್ರುವಳು. ಐದು ಹರದಾರಿಯ ದಾರಿ ಅಷ್ಟೇ ಇದೆ. ಹಾವೇರಿ ಮುಟ್ಟಲು ಈಗ ಒಂದು ತಾಸೂ ಬೇಡ.